ಐದು ಮನೆಯ ಉಣ್ಣೆ

ಬಾಗಲಕೋಟೆ,
ಮಾರ್ಗಶಿರ ಬಹುಳ ಪಂಚಮಿ, ವಿರೋಧಿಕೃತ್ ಸಂವತ್ಸರ
(ಡಿಸೆಂಬರ್, ೧೯೧೧)

ಬಾದಾಮಿಯಲ್ಲಿರುವ ನಮ್ಮ ಚಿಗವ್ವ ಸೌ. ಜಾನಕಿಬಾಯಿಗೆ ಮಥುರೆ ಮಾಡುವ ನಮಸ್ಕಾರಗಳು.

ನಾವೆಲ್ಲ ನೆಟ್ಟಗಿದ್ದೇವೆ. ವಾಮನನಿಗೆ ಹತ್ತು ತಿಂಗಳಾಯಿತು. ಬಂದಿರುವುದು ಎರಡೇ ಹಲ್ಲು, ಆದರೆ ಆ ಎರಡರಿಂದಲೇ ಮನೆಮಂದಿಯನ್ನೆಲ್ಲ ಕಚ್ಚಿ ಮುಗಿಸಿದ್ದಾನೆ. ಗೋದುವಿಗೆ ಐದು ತುಂಬಿತು. ಅದರ ಬಾಯಿ ಯಾರ ಮೇಲೆ ಹೋಗಿದೆಯೋ ದೇವರಿಗೇ ಗೊತ್ತು, ಒಂದು ಮಾತು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ.

ಅಕ್ಷರ ಯಾಕಿಷ್ಟು ದೊಡ್ಡದಾಗಿ ಬರೆದಿದ್ದಾಳೆ ಎಂದುಕೊಳ್ಳಬೇಡ. ಇದನ್ನು ನೀನೇ ಓದಬೇಕು. ಅಪ್ಪನ ಕೈಗೆ ಕೊಟ್ಟು ಓದಿ ಹೇಳ್ರಿ ಅನ್ನಬೇಡ. ಒತ್ತಕ್ಷರ ಬಂದಲ್ಲಿ ತಡವರಿಸಿದರೂ ಅಡ್ಡಿಯಿಲ್ಲ, ಅಡಿಗೆಮನೆಯಲ್ಲಿ ಕುಳಿತು ನಿಧಾನವಾಗಿ ಓದು.

ನಿನ್ನ ಪತ್ರ ಮುಟ್ಟಿತು. ಸಂಕ್ರಾಂತಿಗೆ ಬರುತ್ತೇನೆ, ನಾನು ಹೆಣೆದ ಆ ಉಣ್ಣೆಯ ಕುಂಚಿಗೆ ಹಾಕಿಯೇ ವಾಮನನ ತಲೆಯ ಮೇಲೆ ಬಾರಿಹಣ್ಣು ಎರೆಯೋಣ ಎಂದು ಬರೆದಿದ್ದೀ. ಕುಂಚಿಗೆಯನ್ನು ದಿನಾ ಹಾಕುತ್ತೇನೆ, ಕೂಸಿಗೆ ಭಾಳ ಒಪ್ಪುತ್ತದೆ ಎಂದು ದೀಪಾವಳಿಯ ಪತ್ರದಲ್ಲಿ ನಾನು ಬರೆದಿದ್ದೆನಲ್ಲ, ಅದು ಸುಳ್ಳು ಚಿಗವ್ವ. ಅದನ್ನು ಬರೆಯುವ ಹೊತ್ತಿಗೆ ಕುಂಚಿಗೆ ಇರಲೇ ಇಲ್ಲ. ನಾನೇ ಬಿಚ್ಚಿ ಹಾಕಿದ್ದೆ.

ಇಲಿ ಕಡಿಯಿತು ಎಂದು ಬರೆಯೋಣವೆಂದು ಮೊದಲು ಒಂದು ಹಾಳೆ ತೆಗೆದುಕೊಂಡೆ. ಬರೆದೂ ಬರೆದೆ. ಗೋದು ಪಕ್ಕದಲ್ಲಿ ಕುಳಿತು, ಅಜ್ಜಿಗೆ ಏನು ಬರೀಲಿಕ್ಕತ್ತಿ ಎಂದು ಕೇಳಿತು. ಇಲಿಯ ಸುದ್ದಿ ಎಂದೆ. ನಮ್ಮ ಮನ್ಯಾಗ ಇಲಿ ಎಲ್ಲ್ಯದ, ಬೆಕ್ಕು ಅದಲ್ಲ ಎಂದಿತು. ಆ ಹಾಳೆಯನ್ನು ಹರಿದು ಒಲೆಗೆ ಹಾಕಿದೆ.

ಶ್ರಾವಣದಲ್ಲಿ ನೀನು ಬಂದು ಕೈಯಾರೆ ಆ ಕುಂಚಿಗೆಯನ್ನು ಅವನ ತಲೆಗೆ ಹಾಕಿ, ಬೆನ್ನ ಮೇಲೆ ಇಳಿಬಿಟ್ಟು, ಗಲ್ಲದ ಕೆಳಗೆ ಗಂಟು ಕಟ್ಟಿದೆ. "ಅಡ್ಡಾಡೂತನಾ ತಗೀಬ್ಯಾಡ ಮಥುರಾ" ಎಂದಷ್ಟೇ ಅಂದೆ. ನಾನು ನೋಡಿದ್ದು ಬಣ್ಣ ಮಾತ್ರ. ಹಸಿರಿನ ನಾಲ್ಕು ಸಾಲು, ಆಮೇಲೆ ಕರಿಯದು, ಮತ್ತೆ ಹಳದಿ, ಬಿಳಿ, ಕೆಂಪು. ಒಂದು ಎಳೆ ದಪ್ಪ, ಒಂದು ಸಣ್ಣ. ಕರಿಯ ಎಳೆಯಂತೂ ಕಂಬಳಿಯ ಹಾಗೆ ಚುಚ್ಚುತ್ತಿತ್ತು. ಯಾರದೋ ಮನೆಯಲ್ಲಿ ಉಳಿದ ತುಂಡುಗಳನ್ನು ಒಟ್ಟು ಮಾಡಿ ಹೆಣೆದಿದ್ದಾಳೆ, ನಮ್ಮ ಸ್ವಂತ ಅವ್ವ ಇದ್ದಿದ್ದರೆ ಸೊಲ್ಲಾಪುರದಿಂದ ಒಂದೇ ಬಣ್ಣದ ಉಣ್ಣೆ ತರಿಸುತ್ತಿದ್ದಳು ಎಂದುಕೊಂಡೆ. ಹೌದು, ಹಾಗೆಯೇ ಅಂದುಕೊಂಡೆ.

ನವರಾತ್ರಿಯಲ್ಲಿ ವಕೀಲರ ಮನೆಗೆ ಅರಿಷಿಣ ಕುಂಕುಮಕ್ಕೆ ಹೋಗಿದ್ದೆ. ಇವರು ಅವರ ಹತ್ತಿರವೇ ಕಾರಕೂನರಲ್ಲವೆ, ಹೋಗದೆ ನಡೆಯುವುದಿಲ್ಲ. ತೊಡೆಯ ಮೇಲೆ ಕುಂಚಿಗೆ ಹಾಕಿದ ವಾಮನ, ಪಕ್ಕದಲ್ಲಿ ಗೋದು. ವಕೀಲರ ಹೆಂಡತಿ ನೋಡಿದವರೇ, "ಅಯ್ಯ, ಕೂಸಿಗೆ ಕೌದಿ ಹೊಲಸೀರೇನ್ರಿ ಮಥುರಾಬಾಯಿ?" ಅಂದರು. ಕುಳಿತ ಹೆಂಗಸರೆಲ್ಲ ನಕ್ಕರು. ನನ್ನ ಮುಖ ಕಾದ ಹಂಚಿನ ಹಾಗಾಯಿತು. ಮನೆಗೆ ಬಂದವಳೇ ಬಾಗಿಲು ಹಾಕಿಕೊಂಡು ಎಳೆಯ ತುದಿ ಹುಡುಕಿ ಎಳೆದೆ. ನೀನು ಎಷ್ಟು ದಿನ ಹೆಣೆದೆಯೋ ಏನೋ, ಬಿಚ್ಚುವುದಕ್ಕೆ ಒಂದು ತಾಸೂ ಹಿಡಿಯಲಿಲ್ಲ. ವಾಮನ ಎಳೆಯ ಹಿಂದೆ ಅಂಬೆಗಾಲಿಡುತ್ತ ಕಿಲಕಿಲ ನಗುತ್ತಿದ್ದ.

ಐದು ಉಂಡೆ ಆದವು. ಅದರಲ್ಲಿ ಕೆಂಪೊಂದೇ ಚೆಂದದ್ದು. ಸಾಲೆಯಲ್ಲಿ ಕಲಿತ ಹೆಣಿಗೆ ಇನ್ನೂ ಕೈಯಲ್ಲಿತ್ತು. ಆ ಕೆಂಪು ಎಳೆಯಿಂದ ಎರಡು ಪುಟ್ಟ ಕಾಲುಚೀಲ ಹೆಣೆದು ವಕೀಲರ ಮೊಮ್ಮಗನಿಗೆ ಕೊಟ್ಟು ಬಂದೆ. ಎಲ್ಲರೂ ಹೊಗಳಿದರು. ಆ ದಿನ ನಾನು ಸಂತೋಷವಾಗಿದ್ದೆ ಚಿಗವ್ವ. ಇದನ್ನೂ ಮುಚ್ಚಿಡುವುದಿಲ್ಲ.

ಕಾರ್ತಿಕದಲ್ಲಿ ನಿಮ್ಮೂರಿನ ಬಳೆಗಾರ್ತಿ ಜೈನಬಿ ಬಂದಳು. ವರ್ಷಕ್ಕೆರಡು ಸಲ ಟೇಶನ್ನಿನಲ್ಲಿ ಆಗಿನಗಾಡಿ ಹತ್ತಿ ಬಳೆಯ ಮಲಾರ ಹೊತ್ತು ಬರುತ್ತಾಳಲ್ಲ. ಪಡಸಾಲೆಯ ಅಂಚಿನಲ್ಲಿ ಕುಳಿತು ನನ್ನ ಕೈ ಹಿಡಿದು ಒತ್ತುತ್ತ ಒತ್ತುತ್ತ ವಾಮನನ ಕಡೆಗೆ ನೋಡಿದಳು. "ಅಲ್ರಿ ಬಾಯಾರ, ಕೂಸಿನ ತಲಿ ಬರೇದೈತಿ. ಕುಂಚಿಗಿ ಎಲ್ಲೈತ್ರಿ? ನಮ್ಮ ಹಸರ ಎಳಿ ಹ್ಯಾಂಗ ಕಾಣತೈತಿ ನೋಡೂಣಂತ ಆಸೀಲೆ ಬಂದೇನಿ" ಎಂದಳು. ನಿಮ್ಮ ಹಸಿರು ಎಳೆ ಎಂದರೇನು ಎಂದು ಕೇಳಿದೆ. ಅವಳು ಬಾಯಿ ಮೇಲೆ ಕೈ ಇಟ್ಟುಕೊಂಡಳು. "ಸುಡ್ಲಿ ನನ್ನ ಬಾಯಿ! ಕೂಸು ಹೆಜ್ಜಿ ಇಡೂತನಾ ಹಡದಾಕಿಗೆ ಹೇಳಬಾರದಂತ ನಿಮ್ಮ ಚಿಗವ್ವಾರು ಆಣಿ ಹಾಕಿದ್ರು."

ಬಿಡಲಿಲ್ಲ ನಾನು. ಎಲ್ಲಾ ಹೇಳಿಸಿಕೊಂಡೆ.

ನನ್ನ ಎರಡು ಗಂಡುಕೂಸು ತೊಟ್ಟಿಲಲ್ಲೇ ಹೋದ ಮೇಲೆ, ಮುಂದಿನ ಕೂಸಿಗೆ ಮಕ್ಕಳೊಂದಿಗರ ಐದು ಮನೆಯ ಅರಿವೆ ಬೇಡಿ ತಂದು ಹಾಕಬೇಕೆಂದು ನೀನು ಹಟ ಹಿಡಿದೆಯಂತೆ. ಬಾದಾಮಿಯ ನಮ್ಮ ಓಣಿಯಲ್ಲಿ ಕೇಳಿದರೆ, ನಮ್ಮ ಮಕ್ಕಳ ಆಯುಷ್ಯ ಹೋದೀತು ಎಂದು ಯಾರೂ ಕೊಡಲಿಲ್ಲವಂತೆ. ಬೇರೆ ಜಾತಿಯವರ ಮನೆಯಿಂದ ತಂದರೆ ನಮ್ಮತ್ತೆ ಆ ಅರಿವೆಯನ್ನು ಹೊಸಲು ದಾಟಲು ಬಿಡುವವರಲ್ಲ. ಆಗ ನೀನು ಜೈನಬಿಯ ಎದುರಿಗೇ ಹಣೆ ಬಡಿದುಕೊಂಡು ನಕ್ಕೆಯಂತೆ. "ಉಣ್ಣಿಗೆ ಮೈಲಿಗಿ ಎಲ್ಲೀದ? ನಾವು ಉಣ್ಣೀ ಧಾಬಳಿ ಉಟ್ಟು ಮಡಿ ಅಡಿಗಿ ಮಾಡೂದಿಲ್ಲೇನು? ಅರಿವಿ ಬ್ಯಾಡ, ಉಣ್ಣಿ ಕೊಡ್ರಿ" ಅಂದೆಯಂತೆ.

ಉಣ್ಣೆಯನ್ನೇನೋ ಕೇಳಿದೆ, ಹೆಣೆಯಲು ನಿನಗೆ ಎಲ್ಲಿ ಬರುತ್ತಿತ್ತು? ಮೂವತ್ತೆರಡನೆಯ ವಯಸ್ಸಿನಲ್ಲಿ ಟೇಶನ್ ಮಾಸ್ತರರ ಹೆಂಡತಿಯ ಹತ್ತಿರ ಹೋಗಿ, ಸಣ್ಣ ಹುಡುಗಿಯರ ಸಾಲಿನಲ್ಲಿ ಕುಳಿತು ಕಲಿತೆಯಂತೆ. ಕಡ್ಡಿ ಇರಲಿಲ್ಲವೆಂದು ಅಪ್ಪನ ಛತ್ರಿಯ ಎರಡು ಕಡ್ಡಿ ಮುರಿದು, ಒರಳುಕಲ್ಲಿಗೆ ತಿಕ್ಕಿ ಚೂಪು ಮಾಡಿಕೊಂಡೆಯಂತೆ. ಗಾಳಿಗೆ ಛತ್ರಿ ಹೋಯಿತು ಎಂದು ಅಪ್ಪ ಮಳೆಗಾಲವಿಡೀ ತಲೆಯ ಮೇಲೆ ಗೋಣಿ ಹಾಕಿಕೊಂಡು ಸಾಲೆಗೆ ಕಲಿಸಲು ಹೋದರಲ್ಲ! ಇದನ್ನು ಕೇಳಿ ನಗು ಬಂತು. ನಗುತ್ತ ನಗುತ್ತ ಅಳುವೂ ಬಂತು. ಬಳೆ ಇಡಿಸಿಕೊಳ್ಳುವಾಗ ಅಳಬಾರದ್ರಿ ಎಂದು ಜೈನಬಿ ಬೈದಳು.

ಹಸಿರು ಅವಳ ಮಗ ಕೊರಳಿಗೆ ಸುತ್ತುವ ಗಲಪಟ್ಟಿಯದು. ಅವಳಿಗೆ ಆರು ಮಕ್ಕಳು, ಆರೂ ಗಟ್ಟಿಮುಟ್ಟು. ಕರಿಯದು ಬೆಣ್ಣೆ ತರುವ ಬೋರವ್ವನ ಕಂಬಳಿಯದು. ಹಳದಿ ಟೇಶನ್ ಮಾಸ್ತರರ ಮನೆಯದು. ಬಿಳಿಯ ಎಳೆಗೆ ನೀನು ಬಿಸಿಲಲ್ಲಿ ಮಹಾಕೂಟದವರೆಗೆ ನಡೆದುಹೋಗಿ ಪೂಜಾರಿಯ ಮನೆಯಲ್ಲಿ ಸೆರಗೊಡ್ಡಿದೆಯಂತೆ. ಕೆಂಪಿಗಾಗಿ ಹುನಗುಂದದವರೆಗೆ ಚಕ್ಕಡಿಯಲ್ಲಿ ಹೋಗಿ, ಎಂಟು ಮಕ್ಕಳ ತಾಯಿಯೊಬ್ಬಳ ಬಾಣಂತಿ ಶಾಲಿನ ಅಂಚು ಬಿಚ್ಚಿಸಿ ತಂದೆಯಂತೆ. ಯಾರ ಮುಂದೆಯೂ ಕೈಚಾಚದ ನೀನು!

ಜೈನಬಿ ಹೋದ ಮೇಲೆ ಉಂಡೆ ಹುಡುಕಿದೆ. ಹಸಿರು ಮತ್ತು ಹಳದಿ ಟ್ರಂಕಿನಲ್ಲಿದ್ದವು. ಬಿಳಿಯದನ್ನು ಗೋದು ಗೊಂಬೆಗೆ ಕೂದಲು ಮಾಡಿ, ಅಜ್ಜಿ ಗೊಂಬೆ ಎಂದು ಮುದ್ದು ಮಾಡುತ್ತಿತ್ತು. ಅದನ್ನು ಕಿತ್ತುಕೊಂಡಾಗ ಓಣಿಯೆಲ್ಲ ಕೇಳುವಂತೆ ಅತ್ತಿತು. ಕರಿಯದು ಬಚ್ಚಲಿನ ಮೂಲೆಯಲ್ಲಿ ಬೂದಿಯೊಳಗೆ ಬಿದ್ದಿತ್ತು. ಏಳು ಸಲ ತೊಳೆದೆ. ಉಳಿದದ್ದು ಕೆಂಪು.

ಎಂಟು ದಿನ ಧೈರ್ಯ ಬರಲಿಲ್ಲ. ಕೊಟ್ಟದ್ದನ್ನು ತಿರುಗಿ ಕೇಳುವುದೆಂದರೇನು, ಅದೂ ಇವರ ಅನ್ನದಾತರ ಮನೆಯಲ್ಲಿ! ಇವರಿಗೆ ಹೇಳಿದೆ. ಇವರು "ಹೋಗಿ ಬಾ, ಆದದ್ದು ಆಗ್ಲಿ" ಅಂದರು. ಹೋದೆ. ಕಾಲುಚೀಲ ಬೇಕಿತ್ರಿ, ಆ ಉಣ್ಣಿ ನಮ್ಮ ಕೂಸಿನ ಕುಂಚಿಗಿದು ಎಂದೆ. ವಕೀಲರ ಹೆಂಡತಿ ಹುಬ್ಬು ಏರಿಸಿದರು. "ಯಾವ ಕುಂಚಿಗಿ? ನಿಮ್ಮ ಮುಸುರಿಯಾಕಿ ಹೆಣದು ಕೊಟ್ಟಿದ್ದಲಾ, ಅದೇನು?" ಅಂದರು.

ಇಲ್ಲಿ ಲೇಖನಿ ಕೆಳಗಿಟ್ಟು ಒಂದು ಸುತ್ತು ಹಿತ್ತಲಿಗೆ ಹೋಗಿ ಬಂದೆ. ನವರಾತ್ರಿಯ ದಿನ ಅವರೆಲ್ಲ ನಕ್ಕರು ಎಂದು ಮೇಲೆ ಬರೆದೆನಲ್ಲ, ನಾನು ಏನು ಉತ್ತರ ಕೊಟ್ಟೆ ಎಂಬುದನ್ನು ಬರೆಯಲಿಲ್ಲ. ಯಾರು ಹೆಣೆದದ್ದು ಎಂದು ಅವರು ಕೇಳಿದ್ದರು. ನಮ್ಮ ಮನೆಯ ಪಾತ್ರೆ ತಿಕ್ಕುವವಳು ಎಂದು ನಾನು ಹೇಳಿದ್ದೆ. ಆಗ ಗೋದು, ಅಲ್ಲಾ, ಬದಾಮಿ ಅಜ್ಜಿ ಎಂದು ಬಾಯಿ ತೆರೆಯಿತು. ಅದರ ತೊಡೆ ಚಿವುಟಿ ಸುಮ್ಮನಾಗಿಸಿದೆ. ಕುಂಚಿಗೆ ಬಿಚ್ಚಿದ್ದಕ್ಕಿಂತ ಇದು ದೊಡ್ಡ ತಪ್ಪು. ಬಿಚ್ಚಿದ್ದನ್ನು ಹೆಣೆಯಬಹುದು, ಆಡಿದ ಈ ಮಾತನ್ನು ಏನು ಮಾಡಲಿ?

ಅವರ ಎದುರಿಗೆ ನಿಂತು ಹೇಳಿದೆ. ಸುಳ್ಳು ಹೇಳಿದ್ದೆ ಕ್ಷಮಿಸಿರಿ, ಅದನ್ನು ಹೆಣೆದವರು ನಮ್ಮ ತಾಯಿ, ಐದು ಮನೆ ಬೇಡಿ ಹೆಣೆದದ್ದು ಎಂದೆ. ಅವರು ಮೊಮ್ಮಗನ ಕಾಲಿನಿಂದ ತೆಗೆದು ತಂದು ನನ್ನ ಕೈಗೆ ಹಾಕಿ ಒಳಗೆ ಹೋದರು. ಅಂದಿನಿಂದ ನನ್ನನ್ನು ಕುಂಕುಮಕ್ಕೆ ಕರೆದಿಲ್ಲ, ಇವರ ಜೊತೆ ವಕೀಲರೂ ಅಷ್ಟಕ್ಕಷ್ಟೆ. ಇರಲಿ. ನನಗೆ ಆಗಬೇಕಾದದ್ದೇ.

ಈಗ ದಿನಾ ಮಧ್ಯಾಹ್ನ ಮಕ್ಕಳನ್ನು ಮಲಗಿಸಿ ಹೆಣೆಯುತ್ತಿದ್ದೇನೆ. ನಿನ್ನ ಕೈಯ ಬಿಗುವು ನನಗೆ ಬರುವುದಿಲ್ಲ. ಎಡಗಡೆ ಸ್ವಲ್ಪ ಇಳಿದಿದೆ, ಹಾಕಿದರೆ ವಾಮನ ಜಗಳಕ್ಕೆ ಹೊರಟವನ ಹಾಗೆ ಕಾಣುತ್ತಾನೆ. ಒಂದೊಂದು ಕುಣಿಕೆ ಹಾಕುವಾಗಲೂ ಹಳೆಯದು ಒಂದೊಂದು ನೆನಪಾಗುತ್ತದೆ. ನೀನು ಅಪ್ಪನ ಕೈ ಹಿಡಿದು ನಮ್ಮ ಮನೆ ಹೊಕ್ಕಾಗ ನಿನಗೆ ಹದಿನಾಲ್ಕು, ನನಗೆ ಆರು. ಮುಂದೆ ಸಾಲೆಗೆ ಹೋಗತೊಡಗಿದ ಮೇಲೆ ನಿನಗೆ ಅಕ್ಷರ ಕಲಿಸುತ್ತೇನೆಂದು ಪಾಟಿ ಹಿಡಿದು ಕೂಡ್ರಿಸಿ, ತಪ್ಪಿದಾಗಲೆಲ್ಲ ಕೈ ಮೇಲೆ ಪಟ್ಟಿಯಿಂದ ಹೊಡೆಯುತ್ತಿದ್ದೆ. ಕೆಂಪಗಾದ ಕೈಯಿಂದಲೇ ನನ್ನ ಹೆರಳು ಹಾಕುತ್ತಿದ್ದೆ ನೀನು. ಅಪ್ಪನಿಗೆ ಒಮ್ಮೆಯೂ ಹೇಳಲಿಲ್ಲ. ನಾನಾದರೋ ನೀನು ಕೊಟ್ಟ ಕರದಂಟನ್ನು ಬಾಯಲ್ಲಿ ಇಟ್ಟುಕೊಂಡೇ, ಚಿಗವ್ವ ನನಗೆ ತಿನ್ನಲಿಕ್ಕೆ ಕೊಡುವುದಿಲ್ಲ ಎಂದು ಮಗ್ಗುಲ ಮನೆಯಲ್ಲಿ ಹೇಳಿ ಬಂದಿದ್ದೆ.

ಮನೆಯವರಿಗೆ ಯಾರು ಉಪಕಾರ ಹೇಳುತ್ತಾರೆ, ಅವರೇನು ಪರಕೀಯರೇ ಎಂದು ನಾವೆಲ್ಲ ಅನ್ನುತ್ತೇವೆ. ನಾನು ಆ ಮಾತಿನ ಮರೆಯಲ್ಲಿ ಹದಿನೆಂಟು ವರ್ಷ ಆರಾಮಾಗಿ ಕುಳಿತೆ. ಈಗ ಹೇಳುತ್ತೇನೆ. ನಿನ್ನ ಉಪಕಾರ ನನ್ನ ಮೇಲೆ ಭಾಳ ಇದೆ. ಹೇಳಿದರೆ ತೀರುವುದಿಲ್ಲವೆಂದು ಗೊತ್ತು, ಆದರೂ ಹೇಳದೆ ಇರಲಾರೆ.

ಬರುತ್ತೀಯಲ್ಲ? ಸಿಟ್ಟು ಬಂದರೆ ಇಲ್ಲಿಗೇ ಬಂದು ಬೈ. ನೀನು ಬಾರದೆ ವಾಮನನಿಗೆ ಬಾರಿಹಣ್ಣು ಎರೆಯುವುದಿಲ್ಲ. ನಾನೂ ಹಟದವಳೇ, ನಿನಗೆ ಗೊತ್ತು.

ತಪ್ಪು ಮಾಡಿದ
ಮಥುರೆ

ತಾ. ಕ.: ಒಂದು ಮಾತು ಮರೆತಿಲ್ಲ, ಬೇಕಂತಲೇ ಕೊನೆಗೆ ಇಟ್ಟುಕೊಂಡಿದ್ದೇನೆ. ಜೈನಬಿ ಹೇಳುತ್ತಿದ್ದಾಗಲೇ ಐದು ಮನೆಯ ಎಳೆಯನ್ನೂ ಎಣಿಸಿದೆ, ನಮ್ಮ ಬಾದಾಮಿ ಮನೆಯದು ಒಂದೂ ಇಲ್ಲ. ಚಿಗವ್ವ ತನ್ನದ್ಯಾಕ ಹಾಕಲಿಲ್ಲ ಎಂದು ಅವಳನ್ನು ಕೇಳಿದೆ. ಅವಳು ಬಳೆಗಳನ್ನು ಜೋಡಿಸುತ್ತ, ಮುಖ ಎತ್ತದೆ ಹೇಳಿದಳು. "ನಾನೂ ಕೇಳಿದ್ನಿರಿ. ಮಕ್ಕಳಿದ್ದಾಕಿ ಮನೀದ ಆಗಬೇಕು ಜೈನಬಿ, ನಂದು ನಡಿಯೂದಿಲ್ಲ ಅಂದ್ರು."

ಹಾಗಾದರೆ ಈ ಪತ್ರ ಬರೆದವಳು ಯಾರು? ನಿನ್ನ ಮಗಳಿಗೆ ಇಪ್ಪತ್ತನಾಲ್ಕು ವರ್ಷ, ಗಟ್ಟಿಮುಟ್ಟಾಗಿದ್ದಾಳೆ, ಎರಡು ಮಕ್ಕಳ ತಾಯಿ. ಕುಂಚಿಗೆಯ ಕೊನೆಯ ಸಾಲು ಮುಗಿಸದೆ ಕಡ್ಡಿಯ ಮೇಲೆಯೇ ಬಿಟ್ಟಿದ್ದೇನೆ. ಗೋದು ಎಳೆಯಬಾರದೆಂದು ಗೋಡೆಯ ಗಿಳಿಗೂಟಕ್ಕೆ ತೂಗುಹಾಕಿದ್ದೇನೆ. ಬರುವಾಗ ನಿನ್ನ ಮಡಿ ಧಾಬಳಿಯ ಅಂಚಿನಿಂದ ಒಂದು ಮೊಳ ಎಳೆ ಬಿಚ್ಚಿಕೊಂಡು ಬಾ, ಅವ್ವ.