ಕೊಡದ ಔಷಧಿ

ಗದಗ-ಬೆಟಗೇರಿ
ಆಗಸ್ಟ್ 8, 2025

ಸೂಪರಿಂಟೆಂಡೆಂಟ್ ಮೇಡಂ ಅವರಿಗೆ,

ನೋವಿನ ಮಾತ್ರೆಯ ಚಟಕ್ಕೆ ಬಿದ್ದಿರುವ ಹಿರೇವಡ್ಡಟ್ಟಿಯ ಅಂಕಿತಾ, ಏಳು ತಿಂಗಳ ಗರ್ಭಿಣಿ, ನಿನ್ನೆ ನಮ್ಮ ಹೆರಿಗೆ ವಾರ್ಡಿಗೆ ದಾಖಲಾದಳು. ಆ ಮಾತ್ರೆಗೆ ಬದಲಾಗಿ ಡಾಕ್ಟರು ಬರೆದ ಔಷಧಿಯನ್ನು ನರ್ಸ್ ಮಮತಾ ಕೊಡಲಿಲ್ಲ. ಕೇಳಿದರೆ, "ಚಟಾ ಬಿಡಸಾಕ ಇದೊಂದ ದಾರಿ ಐತ್ರಿ" ಎಂದಳು. ಇಂದು ಬೆಳಿಗ್ಗೆ ಅಂಕಿತಾಗೆ ನಡುಕ ಬಂತು, ಹೆರಿಗೆ ನೋವು ಶುರುವಾಯಿತು. "ಸಿಸ್ಟರ್, ಕೂಸು ಉಳಿತೈತೇನ್ರಿ?" ಎಂದು ನನ್ನ ಕೈ ಹಿಡಿದಳು. ನಾನು ಆ ಔಷಧಿ ಕೊಟ್ಟ ಮೇಲೆ ನೋವು ನಿಂತಿದೆ. ಕೂಸಿನ ಎದೆಬಡಿತ ಸರಿಯಾಗಿದೆ.

ಚಟದ ಮಾತ್ರೆಯನ್ನು ಬದಲಿ ಔಷಧಿಯಿಲ್ಲದೆ ಒಮ್ಮೆಲೇ ನಿಲ್ಲಿಸಿದರೆ ಕೂಸಿಗೆ ಅಪಾಯವೆಂದು ಮಮತಾಗೆ ಗೊತ್ತಿರಲಿಲ್ಲ. ಇದರ ತರಬೇತಿ ಎರಡು ಸಲ ನಡೆದಾಗಲೂ ನೀವು ಕಳಿಸಿದ್ದು ಕಣ್ಣಿನ ವಿಭಾಗದವರನ್ನು, ಅಲ್ಲಿ ಕೆಲಸ ಕಡಿಮೆ ಎಂದು. ಮಮತಾಗೆ ನೋಟಿಸ್ ಕೊಡುವುದಾದರೆ ಅದರಲ್ಲಿ ಇದನ್ನೂ ಬರೆಯಿರಿ.

ಸೋಮವಾರ ಮತ್ತೆ ನಡೆಯುವ ಇದೇ ತರಬೇತಿಗೆ ಮಮತಾ ಹೋಗುತ್ತಾಳೆ. ಅವಳ ಪಾಳಿಯನ್ನು ನಾನು ಮಾಡುತ್ತೇನೆ. ಇದು ಅನುಮತಿ ಕೇಳುವ ಪತ್ರವಲ್ಲ.

ನೀಲಮ್ಮ ಹೊಂಬಳ
ಹೆರಿಗೆ ವಾರ್ಡ್