ಸೊಟ್ಟ ಅಂಗಿ

ಟೀಚರಮ್ಮನವರಿಗೆ ನಮಸ್ಕಾರ.

ಮಗಳು ಇಂದು ತಡವಾಗಿ ಬಂದದ್ದಕ್ಕೆ ನಾನೇ ಕಾರಣ, ಅವಳನ್ನು ಬೈಯಬೇಡಿ. ದಿನವೂ ಹೊತ್ತಾಯಿತೆಂದು ಅವಳ ಅಂಗಿಗೆ ನಾನೇ ಗುಂಡಿ ಹಾಕಿಬಿಡುತ್ತಿದ್ದೆ. ಇಂದು "ನೀನ್ ಸುಮ್ನಿರಪ್ಪಾ, ನಾನೇ ಹಾಕ್ಕೋತೀನಿ" ಅಂದಳು. ಕೈಕಟ್ಟಿ ಕೂತೆ. ನಾಲ್ಕು ಗುಂಡಿಗೆ ಇಪ್ಪತ್ತು ನಿಮಿಷ! ನಾಲಿಗೆಯ ತುದಿ ಹೊರಗಿಟ್ಟು, ಆ ಪುಟ್ಟ ಬೆರಳುಗಳಲ್ಲಿ ಒಂದೊಂದನ್ನೂ ಕಾಜಾದೊಳಗೆ ತೂರಿಸುತ್ತಿದ್ದರೆ ನಾನು ಉಸಿರು ಬಿಗಿಹಿಡಿದು ನೋಡಿದೆ. ಹದಿನಾರು ವರ್ಷದಿಂದ ಟೈಲರ್ ನಾನು. ಗುಂಡಿ ಹಾಕುವುದು ಇಷ್ಟು ದೊಡ್ಡ ಕೆಲಸವೆಂದು ಇವತ್ತೇ ಗೊತ್ತಾದದ್ದು.

ಒಂದು ಕಾಜಾ ತಪ್ಪಿ, ಮೇಲಿನ ಗುಂಡಿ ಒಂಟಿಯಾಗಿ ಉಳಿದು ಅಂಗಿ ಸೊಟ್ಟಗಾಗಿದೆ. ಸರಿಮಾಡಲು ನನಗೂ ಕೈ ತುರಿಸುತ್ತಿತ್ತು. ಟೈಲರ್ ಮಗಳ ಅಂಗಿ ನೋಡಿ ಎಂದು ನಗುವವರು ನಗಲಿ. ಸಂಜೆಯವರೆಗೆ ದಯವಿಟ್ಟು ಯಾರೂ ಅದನ್ನು ಸರಿಮಾಡಬೇಡಿ.

ಇಂತಿ,
ಸೊಟ್ಟ ಅಂಗಿಯವಳ ಅಪ್ಪ