ಎಂಟು ನಿಮಿಷ ಮೌನ, ಒಂದು ಸ್ವರ

ಮಗಳೇ,

ನಿನ್ನ ಹೊಸ ಕೃತಿಯ ಹಾಳೆಗಳು ನಮ್ಮ ತಂಡದ ಕೈಸೇರಿದವು. ಪಿಟೀಲು, ಸೆಲ್ಲೋ, ಕ್ಲಾರಿನೆಟ್ಟುಗಳಿಗೆ ಭರ್ತಿ ಕೆಲಸ; ನನ್ನ ಟ್ರಂಪೆಟ್ಟಿಗೆ ಮಾತ್ರ ಎಂಟು ನಿಮಿಷ ಮೌನ, ಕೊನೆಗೆ ಒಂದೇ ಒಂದು ಸ್ವರ! ಅಬ್ಬಬ್ಬಾ, ಎಂಥ ಶಿಕ್ಷೆ! ಮೂರು ವರ್ಷದ ಹಿಂದೆ ನಿನ್ನ ಸಂಗೀತವನ್ನು ಬರೀ ಗದ್ದಲವೆಂದು ಮನೆ ಅದುರುವಂತೆ ಕೂಗಾಡಿ, ನೀನು ಹೊರಟುಹೋಗುವಂತೆ ಮಾಡಿದವನಿಗೆ ಸರಿಯಾಗಿಯೇ ಬರೆದಿದ್ದೀಯೆ.

ಮೊದಲ ದಿನ ತಡೆಯಲಾರದೆ ನಡುವೆಯೇ ಊದಿಬಿಟ್ಟೆ. ಸೆಲ್ಲೋ ನುಡಿಸುವವಳು, "ಸ್ವಲ್ಪ ಹೊತ್ತು ಸುಮ್ನೆ ಕೂತ್ರೆ ಜೀವ ಹೋಗುತ್ತಾ ಸಾರ್?" ಎಂದಳು. ಹೋಗುತ್ತಿತ್ತು ಮಗಳೇ. ಈಗ ಸುಮ್ಮನೆ ಕೂತು ನೀನು ಬರೆದದ್ದನ್ನು ಕೇಳುತ್ತೇನೆ.

ಆ ಒಂದು ಸ್ವರವನ್ನು ಎಷ್ಟು ಮೆತ್ತಗೆ ಊದಬೇಕೆಂದು ನೀನು ಹಾಳೆಯಲ್ಲಿ ಬರೆದಿಲ್ಲ. ಭಾನುವಾರದ ಅಭ್ಯಾಸಕ್ಕೆ ಬಂದು ಹೇಳಿಕೊಡು. ನಾನು ನಡುವೆ ಬಾಯಿ ಹಾಕುವುದಿಲ್ಲ.

ಎಣಿಸುತ್ತ ಕೂತಿರುವ,
ನಿನ್ನ ಅಪ್ಪ